ಕೊಥೊರ್ನೊಸ್: ರುದ್ರನಾಟಕದ ಪಾದರಕ್ಷೆಯ ವಿಚಾರ

ಗ್ರೀಕ್ ರುದ್ರನಾಟಕದ ಪ್ರಸಂಗ ಬಂದಾಗಲೆಲ್ಲ ನಮ್ಮ ಪಠ್ಯಪುಸ್ತಕಗಳಲ್ಲಿಯೂ ನಾಟಕಚರಿತ್ರೆಗಳಲ್ಲಿಯೂ ತಪ್ಪದೆ ಕಾಣಿಸಿಕೊಳ್ಳುವ ಚಿತ್ರವೊಂದಿದೆ. ನಟನ ಮುಖಕ್ಕೆ ಬಾಯ್ದೆರೆದ ಮುಖವಾಡ, ನೆತ್ತಿಯ ಮೇಲೆ ಗೋಪುರದಂತೆ ಎತ್ತಿ ಕಟ್ಟಿದ ಕೂದಲು, ನೆಲ ಗುಡಿಸುವ ನಿಲುವಂಗಿ, ಅದರೊಳಗೆ ಮೈಯನ್ನು ಉಬ್ಬಿಸಲು ತುರುಕಿದ ಮೆತ್ತೆ, ಕಾಲಿಗೆ ದಪ್ಪ ಮರದ ಅಟ್ಟೆಯ ಬೂಟು. ಈ ಬೂಟಿನ ಹೆಸರು ಕೊಥೊರ್ನೊಸ್. ರೋಮನರು ಅದನ್ನು ಕೊಥುರ್ನಸ್ ಎಂದರು. ಇಂಗ್ಲಿಷರು ಬಸ್ಕಿನ್ ಎಂದು ಕರೆದು ಗಂಭೀರ ನಾಟಕಕ್ಕೇ ಅದನ್ನು ಪರ್ಯಾಯನಾಮವಾಗಿ ಮಾಡಿಕೊಂಡರು. ಈ ಎತ್ತರದ ಬೂಟನ್ನು ರಂಗಕ್ಕೆ ತಂದವನು ಈಸ್ಕಿಲಸನೆಂಬ ಮಾತೂ ಜೊತೆಯಲ್ಲಿಯೇ ಬರುತ್ತದೆ. ಅಷ್ಟಕ್ಕೇ ನಿಂತಿದ್ದರೆ ಇದು ವೇಷಭೂಷಣದ ಒಂದು ಸಣ್ಣ ವಿವರವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಇದರ ಮೇಲೆ ಒಂದು ದೊಡ್ಡ ತೀರ್ಮಾನವನ್ನೇ ಕಟ್ಟಿದ್ದಾರೆ. ಇಂಥ ಬೂಟು ತೊಟ್ಟವನು ಓಡಲಾರ, ಬಾಗಲಾರ, ಮಂಡಿಯೂರಲಾರ. ಆದುದರಿಂದ ಗ್ರೀಕ್ ನಟ ಶಿಲಾಪ್ರತಿಮೆಯಂತೆ ನಿಂತಲ್ಲಿ ನಿಂತು ಪದ್ಯಗಳನ್ನು ಘೋಷಿಸುತ್ತಿದ್ದ. ಆದುದರಿಂದ ಆ ನಾಟಕ ನೋಡುವುದಕ್ಕಿಂತ ಹೆಚ್ಚಾಗಿ ಕೇಳತಕ್ಕದ್ದು. ಹೀಗೆ ಪಾದರಕ್ಷೆಯಿಂದ ಕಾವ್ಯಮೀಮಾಂಸೆಯವರೆಗೆ ಏಣಿ ಹಾಕಲಾಗಿದೆ.

ಈ ಏಣಿಯ ಮೊದಲನೆಯ ಮೆಟ್ಟಿಲೇ ಭದ್ರವಾಗಿಲ್ಲವೆಂಬುದು ನನ್ನ ವಾದ. ಇದು ಹೊಸ ಶೋಧವೇನೂ ಅಲ್ಲ. 1905ರಷ್ಟು ಹಿಂದೆಯೇ ಕೆಂಡಲ್ ಸ್ಮಿತ್ ಎಂಬ ಅಮೆರಿಕದ ವಿದ್ವಾಂಸರು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧನ ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನೆತ್ತಿದ್ದರು. 1953ರಲ್ಲಿ ಹೊರಬಂದ ಪಿಕಾರ್ಡ್ ಕೇಂಬ್ರಿಜ್ ಅವರ ಅಥೆನ್ಸಿನ ನಾಟ್ಯೋತ್ಸವಗಳ ಗ್ರಂಥ ಸಾಕ್ಷ್ಯಗಳನ್ನೆಲ್ಲ ಒಟ್ಟುಗೂಡಿಸಿತು. ಆದರೂ ಹಳೆಯ ಚಿತ್ರ ನಮ್ಮ ತರಗತಿಗಳಲ್ಲಿ ಹಾಗೆಯೇ ಉಳಿದುಬಂದಿದೆ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನೂ 1935ರಲ್ಲಿ ‘ಪಾರಸಿಕರು’ ನಾಟಕವನ್ನೂ ಕೊಟ್ಟಂದಿನಿಂದ ಗ್ರೀಕ್ ರುದ್ರನಾಟಕ ಕನ್ನಡಕ್ಕೆ ಪರಕೀಯವಾಗಿ ಉಳಿದಿಲ್ಲ. ಆದುದರಿಂದ ಅದರ ನಟ ಹೇಗೆ ನಿಂತ, ಹೇಗೆ ನಡೆದ ಎಂಬುದು ನಮಗೂ ಸಂಬಂಧಿಸಿದ ವಿಷಯ.

ಮೊದಲು ಸಾಕ್ಷಿಗಳನ್ನು ಕರೆಯೋಣ. ಈಸ್ಕಿಲಸ್ ತೀರಿಕೊಂಡದ್ದು ಕ್ರಿ.ಪೂ. 456ರಲ್ಲಿ. ಅವನು ನಟರಿಗೆ ಕೊಥುರ್ನಸ್ಸಿನ ಮೇಲೆ ನಿಲ್ಲುವುದನ್ನು ಕಲಿಸಿದನೆಂದು ಹೇಳುವ ಹೊರೇಸ್ ರೋಮಿನ ಅಗಸ್ಟಸ್ ಚಕ್ರವರ್ತಿಯ ಕಾಲದವನು, ಅಂದರೆ ನಾಲ್ಕು ಶತಮಾನಗಳಿಗೂ ಈಚಿನವನು. ಅವನೂ ಇದನ್ನು ಹೇಳುವುದು ಕಾವ್ಯಕಲೆಯನ್ನು ಕುರಿತ ಪದ್ಯಪತ್ರದಲ್ಲಿ, ಭವ್ಯವಾದ ಮಾತಿನ ಜೊತೆ ಜೋಡಿಸಿ. ಅಲ್ಲಿ ಬೂಟು ಬೂಟೇ ಹೌದೋ, ಶೈಲಿಯ ಔನ್ನತ್ಯಕ್ಕೆ ಸಂಕೇತವೋ ಎಂದು ಕೇಳಬಹುದು. ರಂಗದ ಪಾದರಕ್ಷೆಗಳನ್ನು ಹೆಸರಿಸುವ ಕೋಶಕಾರ ಪೊಲ್ಲಕ್ಸ್ ಕ್ರಿ.ಶ. 2ನೆಯ ಶತಮಾನದವನು. ಎತ್ತರದ ಬೂಟಿನ ಕೀರ್ತಿಯನ್ನು ಈಸ್ಕಿಲಸನಿಗೆ ಒಪ್ಪಿಸುವ ಫಿಲೊಸ್ಟ್ರಾಟಸ್ 3ನೆಯ ಶತಮಾನದವನು. ಸೂದಾ ಎಂಬ ಬೈಜಾಂಟಿಯಮ್ಮಿನ ಮಹಾಕೋಶವಂತೂ 10ನೆಯ ಶತಮಾನದ್ದು. ಬ್ಯಾಂಕಿನ ಲೆಕ್ಕಪತ್ರಗಳನ್ನು ನೋಡಿ ಅಭ್ಯಾಸವಾದವರಿಗೆ ಇದರ ಸ್ವರೂಪ ಕೂಡಲೇ ತಿಳಿಯುತ್ತದೆ: ಒಂದು ನಮೂದನ್ನು ಐದು ಪುಸ್ತಕಗಳಲ್ಲಿ ನಕಲು ಮಾಡಿದರೆ ಐದು ನಮೂದುಗಳಾಗುವುದಿಲ್ಲ; ಮೂಲ ವೋಚರು ಎಲ್ಲಿ ಎಂದು ಕೇಳಬೇಕಾಗುತ್ತದೆ. ನಾಟಕದ ಬೆಳವಣಿಗೆಯನ್ನು ಕುರಿತು ಬರೆದ ಅರಿಸ್ಟಾಟಲ್, ಈಸ್ಕಿಲಸ್ ಎರಡನೆಯ ನಟನನ್ನು ತಂದನೆಂದೂ ಸೊಫೊಕ್ಲೀಸ್ ಮೂರನೆಯವನನ್ನೂ ರಂಗಚಿತ್ರವನ್ನೂ ತಂದನೆಂದೂ ಹೇಳುತ್ತಾನೆ. ಬೂಟಿನ ಸೊಲ್ಲೇ ಎತ್ತುವುದಿಲ್ಲ. ಸೊಫೊಕ್ಲೀಸನ ಪ್ರಾಚೀನ ಜೀವನಚರಿತ್ರೆ ಒಂದು ಪಾದರಕ್ಷೆಯ ಮಾತೆತ್ತುತ್ತದೆ ನಿಜ. ಆದರೆ ಅದು ನಟರೂ ಮೇಳದವರೂ ತೊಡುತ್ತಿದ್ದ ಬಿಳಿಯ ಜೋಡು. ಎತ್ತರದ ಮಾತು ಅಲ್ಲಿಯೂ ಇಲ್ಲ.

ಇನ್ನು ಕೊಥೊರ್ನೊಸ್ ಎಂಬ ಶಬ್ದವನ್ನು ಆ ಕಾಲದವರೇ ಬಳಸಿರುವ ಕಡೆಗಳನ್ನು ನೋಡಬೇಕು. ಇಲ್ಲಿ ವಿಷಯ ನಿಜವಾಗಿಯೂ ರಸವತ್ತಾಗುತ್ತದೆ. ಹೆರೊಡೊಟಸ್ ಹೇಳುವ ಒಂದು ಕಥೆ: ಅಲ್ಕ್‌ಮಿಯಾನನೆಂಬ ಅಥೆನ್ಸಿನ ಗೃಹಸ್ಥ ಲಿಡಿಯದ ದೊರೆ ಕ್ರೀಸಸನ ದೂತರಿಗೆ ಸಹಾಯ ಮಾಡಿದ್ದ. ಅದಕ್ಕೆ ಮೆಚ್ಚಿದ ದೊರೆ, ಖಜಾನೆಯಿಂದ ಒಂದು ಸಲಕ್ಕೆ ಮೈಮೇಲೆ ಹೊರಬಲ್ಲಷ್ಟು ಚಿನ್ನವನ್ನು ಕೊಂಡುಹೋಗು ಎಂದ. ಅಲ್ಕ್‌ಮಿಯಾನ್ ದೊಗಲೆಯಾದ ಅಂಗಿ ತೊಟ್ಟು, ಸಿಕ್ಕಿದವುಗಳಲ್ಲೆಲ್ಲ ಅಗಲವಾದ ಕೊಥೊರ್ನೊಸ್‌ಗಳನ್ನು ಮೆಟ್ಟಿಕೊಂಡು ಹೋದ. ಕಣಕಾಲಿನ ಸುತ್ತ ಹಿಡಿಸುವಷ್ಟು ಚಿನ್ನದ ಪುಡಿ ತುರುಕಿದ, ಅಂಗಿಯ ಮಡಿಲು ತುಂಬಿಕೊಂಡ, ತಲೆಗೂದಲಿಗೆ ಉದುರಿಸಿಕೊಂಡ, ಕೊನೆಗೆ ಬಾಯಲ್ಲಿಯೂ ತುಂಬಿಕೊಂಡು ಕಾಲೆಳೆಯುತ್ತ ಹೊರಬಂದ. ಕ್ರೀಸಸ್ ನಕ್ಕು ಇನ್ನಷ್ಟು ಕೊಟ್ಟನಂತೆ. ಖಜಾನೆಯ ಕೆಲಸದಲ್ಲಿ ಕೂದಲು ನರೆಯುತ್ತಿರುವವರಿಗೆ ಈ ಕಥೆಯಲ್ಲಿ ಬೇರೆಯೇ ಸ್ವಾರಸ್ಯ ಕಂಡೀತು. ನಮ್ಮ ಪ್ರಶ್ನೆಗೆ ಬೇಕಾದದ್ದು ಇಷ್ಟು: ಕೊಥೊರ್ನೊಸ್ ಎಂದರೆ ಮೀನಖಂಡದವರೆಗೆ ಏರುವ, ಅಗಲ ಬಾಯಿಯ, ಸಡಿಲವಾದ ಬೂಟು. ಅದರ ವಿಶೇಷವಿದ್ದದ್ದು ಅಟ್ಟೆಯಲ್ಲಲ್ಲ, ಹೊಟ್ಟೆಯಲ್ಲಿ.

ಸಡಿಲವಾಗಿದ್ದುದರಿಂದಲೇ ಅದಕ್ಕೆ ಎಡಬಲವೆಂಬ ಭೇದವಿರಲಿಲ್ಲ. ಯಾವುದನ್ನು ಯಾವ ಕಾಲಿಗಾದರೂ ಹಾಕಬಹುದಾಗಿತ್ತು. ಇದರಿಂದ ಒಬ್ಬ ರಾಜಕಾರಣಿಗೆ ಅಡ್ಡಹೆಸರೇ ಹುಟ್ಟಿಕೊಂಡಿತು. ಥೆರಮೆನೀಸ್ ಎಂಬವನು ಕ್ರಿ.ಪೂ. 411ರಲ್ಲಿ ನಾನೂರ್ವರ ಆಳಿಕೆಯನ್ನು ಸ್ಥಾಪಿಸಲು ನೆರವಾಗಿ, ಅದನ್ನು ಉರುಳಿಸುವುದಕ್ಕೂ ನೆರವಾದ. 404ರಲ್ಲಿ ಮೂವತ್ತು ಮಂದಿ ನಿರಂಕುಶರಲ್ಲಿ ತಾನೂ ಒಬ್ಬನಾಗಿ, ಅವರನ್ನೇ ಎದುರಿಸಿ ನಿಂತ. ಅವನ ಮೇಲೆ ಆಪಾದನೆ ಹೊರಿಸಿದ ಕ್ರಿಟಿಯಾಸ್, ಇವನನ್ನು ಕೊಥೊರ್ನೊಸ್ ಎಂದು ಜನ ಕರೆಯುವುದು ಸುಮ್ಮನೆಯೆ ಎಂಬ ಅರ್ಥದಲ್ಲಿ ಮಾತನಾಡಿದನೆಂದು ಕ್ಸೆನೊಫನ್ ಬರೆದಿದ್ದಾನೆ. ಥೆರಮೆನೀಸನಿಗೆ ವಿಷಪಾನದ ಶಿಕ್ಷೆಯಾಯಿತು. ಆ ಬೂಟು ಎತ್ತರಕ್ಕೂ ಘನತೆಗೂ ಹೆಸರಾಗಿದ್ದಿದ್ದರೆ ಎರಡೂ ಕಡೆ ಸಲ್ಲುವವನಿಗೆ ಅದೇ ಬೈಗುಳವಾಗುತ್ತಿತ್ತೆ?

ಅರಿಸ್ಟೊಫನೀಸನ ಪ್ರಹಸನಗಳು ಇನ್ನೊಂದು ಮಾಹಿತಿಯನ್ನು ಕೊಡುತ್ತವೆ. ಕ್ರಿ.ಪೂ. 411ರ ‘ಲೈಸಿಸ್ಟ್ರಟ’ದಲ್ಲಿ ಮುದುಕಿಯರ ಮೇಳ ಗಂಡಸರ ದವಡೆಗೆ ಕೊಥೊರ್ನೊಸ್‌ನಿಂದ ಹೊಡೆಯುತ್ತೇವೆಂದು ಬೆದರಿಸುತ್ತದೆ. 405ರ ‘ಕಪ್ಪೆಗಳು’ ನಾಟಕದ ಆರಂಭದಲ್ಲಿ ಡಯೊನೈಸಸ್ ದೇವತೆ ಕೇಸರಿಯ ಹೆಣ್ಣುಡುಗೆಯ ಮೇಲೆ ಸಿಂಹದ ಚರ್ಮ ಹೊದ್ದು, ಕೈಯಲ್ಲಿ ಗದೆ ಹಿಡಿದು, ಕಾಲಿಗೆ ಕೊಥೊರ್ನೊಸ್ ಮೆಟ್ಟಿ ಹೆರಾಕ್ಲೀಸನ ಬಾಗಿಲು ತಟ್ಟುತ್ತಾನೆ. ಅಂದರೆ ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನಲ್ಲಿ ಇದು ಹೆಂಗಸರ ಬೂಟು. ಮೃದುದೇಹಿಯಾದ ಡಯೊನೈಸಸನಿಗೂ ಅದು ಸಹಜ. ಆ ಶತಮಾನದ ಬರಹಗಳಲ್ಲಿ ರುದ್ರನಾಟಕದ ನಟನ ಬೂಟನ್ನು ಈ ಹೆಸರಿನಿಂದ ಕರೆದಿರುವ ನಿದರ್ಶನವೇ ಇಲ್ಲ.

ಚಿತ್ರಗಳ ಸಾಕ್ಷ್ಯ ಇದಕ್ಕೆ ಹೊಂದುತ್ತದೆ. ಬಾಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಪೂ. 440-430ರ ಸುಮಾರಿನ ಒಂದು ಹೂಜಿಯ ಮೇಲೆ ಮೇಳದ ಇಬ್ಬರು ಯುವಕರು ಸ್ತ್ರೀವೇಷ ಧರಿಸುತ್ತಿದ್ದಾರೆ. ಒಬ್ಬನು ಬಾಗಿ ಮೆತ್ತನೆಯ ಬೂಟನ್ನು ಕಾಲಿಗೆ ಎಳೆದುಕೊಳ್ಳುತ್ತಿದ್ದಾನೆ. ಅಟ್ಟೆ ತೆಳುವಾಗಿದೆ. ದಕ್ಷಿಣ ಇಟಲಿಯ ರೂವೊದಲ್ಲಿ ದೊರೆತು ನೇಪಲ್ಸಿನಲ್ಲಿರುವ ಪ್ರೊನೊಮೊಸ್ ಕಲಶ ಕ್ರಿ.ಪೂ. 400ರ ಸುಮಾರಿನದು. ಥೀಬ್ಸಿನ ಪ್ರಸಿದ್ಧ ವಾದ್ಯಗಾರ ಪ್ರೊನೊಮೊಸ್ ನಡುವೆ ಕುಳಿತು ಜೋಡಿಕೊಳಲು ಊದುತ್ತಿದ್ದಾನೆ. ಸುತ್ತ ಇಡೀ ನಾಟಕ ಮಂಡಳಿ ಮುಖವಾಡಗಳನ್ನು ಕೈಯಲ್ಲಿ ಹಿಡಿದು ನೆರೆದಿದೆ. ಮೇಲ್ಗಡೆ ಸ್ವಯಂ ಡಯೊನೈಸಸ್. ಪ್ರಧಾನ ನಟರ ಉಡುಪಿನಲ್ಲಿ ಬೆರಳಗಲ ಜಾಗವೂ ಬಿಡದೆ ಕಸೂತಿ ತುಂಬಿದೆ, ಬೂಟುಗಳಿಗೂ ಅಲಂಕಾರವಿದೆ. ಅಟ್ಟೆ ಮಾತ್ರ ಇಲ್ಲಿಯೂ ತೆಳುವೇ.

ಎಲ್ಲಕ್ಕಿಂತ ಬಲವಾದ ಸಾಕ್ಷಿ ನಾಟಕಗಳ ಪಾಠವೇ. ಕ್ರಿ.ಪೂ. 458ರ ‘ಅಗಮೆಮ್ನಾನ್’ ನಾಟಕದಲ್ಲಿ ಟ್ರಾಯ್ ಗೆದ್ದು ಬಂದ ದೊರೆಯ ಮುಂದೆ ಅವನ ರಾಣಿ ಕೆನ್ನೀಲಿ ವಸ್ತ್ರಗಳನ್ನು ಹಾಸುತ್ತಾಳೆ. ದೇವತೆಗಳಿಗೆ ಸಲ್ಲುವ ಆ ಹಾಸಿನ ಮೇಲೆ ಕಾಲಿಡಲು ಅಳುಕಿ ಕೊನೆಗೆ ಒಪ್ಪಿದ ದೊರೆ, ಬೇಗ ಯಾರಾದರೂ ನನ್ನ ಪಾದರಕ್ಷೆಯನ್ನು ಬಿಚ್ಚಿ ಎನ್ನುತ್ತಾನೆ. ಪರಿಚಾರಿಕೆ ಬಾಗಿ ದಾರ ಬಿಚ್ಚುತ್ತಾಳೆ. ಅವನು ಬರಿಗಾಲಿನಲ್ಲಿ ಮನೆಯೊಳಕ್ಕೆ, ಸಾವಿನೊಳಕ್ಕೆ, ನಡೆದುಹೋಗುತ್ತಾನೆ. ಹಳೆಯ ಚಿತ್ರವನ್ನು ಇಲ್ಲಿ ಆರೋಪಿಸಿ ನೋಡಿ. ಗೇಣರ್ಧದ ಅಟ್ಟೆಯಿಂದ ಕೆಳಗಿಳಿದ ವಿಜಯಿ ಸಭೆಯ ಕಣ್ಣೆದುರಿಗೇ ಕುಗ್ಗಿ, ಎತ್ತರಕ್ಕೆ ಹೊಲಿದ ನಿಲುವಂಗಿಯನ್ನು ತುಳಿದುಕೊಂಡು, ರಾಣಿಯ ಭುಜದ ಮಟ್ಟಕ್ಕೆ ಬಂದು ನಿಲ್ಲುತ್ತಾನೆ! ಈಸ್ಕಿಲಸನ ಅತ್ಯಂತ ಭಯಂಕರವಾದ ಕ್ಷಣ ನಗೆಪಾಟಲಾಗುತ್ತದೆ.

ಯೂರಿಪಿಡೀಸನ ‘ಒರೆಸ್ಟೀಸ್’ (ಕ್ರಿ.ಪೂ. 408) ನಾಟಕದಲ್ಲಿ ರೋಗಿಯಾದ ತಮ್ಮ ಮಲಗಿರುವಾಗ ಎಲೆಕ್ಟ್ರ ಮೇಳದವರಿಗೆ, ಪಾದರಕ್ಷೆಯ ಸದ್ದಾಗದಂತೆ ಮೆಲ್ಲನೆ ಹೆಜ್ಜೆಯಿಡಿ ಎನ್ನುತ್ತಾಳೆ, ಮರದ ಅಟ್ಟೆಯವರಿಗೆ ಹೇಳುವ ಮಾತು ಇದಲ್ಲ. ಸೊಫೊಕ್ಲೀಸನ ಫಿಲೊಕ್ಟೆಟೀಸ್ ನೋವಿನಿಂದ ನೆಲಕ್ಕೆ ಬೀಳುತ್ತಾನೆ. ‘ಟ್ರಾಯ್ ಸ್ತ್ರೀಯರು’ ನಾಟಕದ ಹೆಕ್ಯುಬ ಆರಂಭದಿಂದಲೇ ನೆಲದ ಮೇಲೆ ಬಿದ್ದಿರುತ್ತಾಳೆ. ‘ಅಶ್ವತ್ಥಾಮನ್’ ನಾಟಕಕ್ಕೆ ಮೂಲವಾದ ‘ಅಯಾಸ್’ನ ನಾಯಕ ಕೊಂದ ದನಗಳ ನಡುವೆ ಕುಸಿದು ಕುಳಿತವನು, ಕಡೆಗೆ ತನ್ನ ಕತ್ತಿಯ ಮೇಲೆ ತಾನೇ ಬೀಳುವವನು. ಇದು ನಿಶ್ಚಲ ಪ್ರತಿಮೆಗಳ ರಂಗವಲ್ಲ.

ದೊಡ್ಡ ಬಯಲು ರಂಗಮಂದಿರದಲ್ಲಿ ನಟ ಕಾಣಬೇಕಾದರೆ ಎತ್ತರ ಬೇಕಾಗಿತ್ತಲ್ಲವೆ ಎಂದು ಕೇಳುವವರುಂಟು. ಲೆಕ್ಕ ಹಾಕಿ ನೋಡಬಹುದು. ಎಪಿಡಾರಸ್ಸಿನಂಥ ರಂಗಮಂದಿರದಲ್ಲಿ ಕಡೆಯ ಸಾಲು ಸುಮಾರು 60 ಮೀಟರ್ ದೂರ. ಅಷ್ಟು ದೂರದಲ್ಲಿ 15 ಸೆಂಟಿಮೀಟರ್ ಅಟ್ಟೆ ಕಾಣುವುದು, ಕೈ ಚಾಚಿ 60 ಸೆಂಟಿಮೀಟರ್ ದೂರದಲ್ಲಿ ಹಿಡಿದ ಒಂದೂವರೆ ಮಿಲಿಮೀಟರ್ ವಸ್ತುವಿನಷ್ಟು, ಎಂದರೆ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು. ಇಷ್ಟು ಲಾಭಕ್ಕಾಗಿ ನಟನ ಚಲನೆಯನ್ನೆಲ್ಲ ಬಲಿಕೊಡುವ ವ್ಯಾಪಾರವನ್ನು ಅಥೆನ್ಸಿನವರು ಮಾಡಿರಲಾರರು.

ಹಾಗಾದರೆ ಎತ್ತರದ ಬೂಟು ಕೇವಲ ಕಟ್ಟುಕಥೆಯೆ? ಅಲ್ಲ. ಅದು ತಡವಾಗಿ ಬಂದದ್ದು. ಅಲೆಕ್ಸಾಂಡರನ ಅನಂತರದ ಕಾಲದಲ್ಲಿ ನಟ ಎತ್ತರದ ಜಗಲಿಯನ್ನೇರಿದ, ಮೇಳ ಕೆಳಗುಳಿಯಿತು, ನಾಟಕಗಳು ಹಳೆಯ ಮಹಾಕೃತಿಗಳ ಪುನಃಪ್ರದರ್ಶನಗಳಾದುವು. ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿರುವ, ಪ್ರಿಯೀನಿನ ಆರ್ಕೆಲಾಸ್ ಕಡೆದ ಹೋಮರನ ಪಟ್ಟಾಭಿಷೇಕದ ಉಬ್ಬುಶಿಲ್ಪದಲ್ಲಿ ರುದ್ರನಾಟಕ ದೇವಿ ದಪ್ಪ ಅಟ್ಟೆಯ ಮೇಲೆ ನಿಂತಿದ್ದಾಳೆ. ರೋಮಿನ ಸಾಮ್ರಾಜ್ಯಯುಗದಲ್ಲಿ ಇದು ಮಿತಿಮೀರಿತು. ಇಟಲಿಯ ರಿಯೇತಿಯಲ್ಲಿ ಸಿಕ್ಕಿದ, ಈಗ ಪ್ಯಾರಿಸ್ಸಿನಲ್ಲಿರುವ ದಂತದ ನಟಪ್ರತಿಮೆಯ ಕಾಲಡಿಯಲ್ಲಿ ಎತ್ತರವಾದ ದಿಮ್ಮಿಗಳಿವೆ. ಅದರಲ್ಲಿ ಅಟ್ಟೆಯೆಷ್ಟು, ಪೀಠಕ್ಕೆ ಸಿಕ್ಕಿಸುವ ಗೂಟವೆಷ್ಟು ಎಂಬ ಚರ್ಚೆಯೂ ಉಂಟು. 2ನೆಯ ಶತಮಾನದ ಲೂಷಿಯನ್ ಇಂಥ ನಟರನ್ನು ಮನಸಾರೆ ಗೇಲಿ ಮಾಡಿದ್ದಾನೆ: ಅರಸನ ವೇಷದ ನಟ ರಂಗಮಧ್ಯದಲ್ಲಿ ಎಡವಿಬಿದ್ದು, ಮುಖವಾಡ ಒಡೆದು, ಬಟ್ಟೆ ಸರಿದು ಒಳಗಿನ ಚಿಂದಿಯೂ ಕಾಲಿಗೆ ಹೊಂದದ ಬೂಟಿನ ವಿಕಾರವೂ ಬಯಲಾಗುವುದನ್ನು ಅವನು ವರ್ಣಿಸುತ್ತಾನೆ. ನೀರೋನ ಕಾಲದಲ್ಲಿ ಸ್ಪೇನಿನ ಊರೊಂದಕ್ಕೆ ಹೋದ ನಟನನ್ನು ಕಂಡು, ಅವನ ಬೂಟಿನ ಎತ್ತರಕ್ಕೂ ಕೂಗಿಗೂ ಬೆದರಿ ಪ್ರೇಕ್ಷಕರು ಓಡಿಹೋದರೆಂಬ ಕಥೆ ಫಿಲೊಸ್ಟ್ರಾಟಸನಲ್ಲಿದೆ. ಕೊಥುರ್ನಸ್ ಎಂಬುದು ಆ ಹೊತ್ತಿಗೆ ಭವ್ಯ ಶೈಲಿಗೆ ಅಂಕಿತವಾಗಿತ್ತು. ವರ್ಜಿಲ್ ಸೊಫೊಕ್ಲೀಸನ ಕೊಥುರ್ನಸ್ಸನ್ನು ಸ್ಮರಿಸುವುದು ಆ ಅರ್ಥದಲ್ಲಿ. ಅವನೇ ‘ಈನಿಯಡ್’ನಲ್ಲಿ ಕೊಥುರ್ನಸ್ಸನ್ನು ಬೇಟೆಗಾತಿಯರ ಬೂಟನ್ನಾಗಿಯೂ ಹೇಳುತ್ತಾನೆ! ರೂಪಕ ಎತ್ತರವಾದಂತೆ ಅಟ್ಟೆಯೂ ಎತ್ತರವಾಯಿತೆಂದು ನನಗೆ ತೋರುತ್ತದೆ. ಈಚಿನವರು ತಮ್ಮ ಕಾಲದ ಬೂಟನ್ನು ಕಂಡು, ಅದಕ್ಕೆ ಗೌರವದ ಪಿತೃತ್ವವೊಂದು ಬೇಕೆಂದು ಈಸ್ಕಿಲಸನ ಹೆಸರನ್ನು ಅಂಟಿಸಿದರು.

ಪ್ರಹಸನದ ನಟನಿಗೆ ರೋಮನರು ಕೊಟ್ಟದ್ದು ಸೊಕ್ಕಸ್ ಎಂಬ ಚಪ್ಪಟೆ ಜೋಡು. ಮೈಮ್ ಎಂಬ ಕೆಳದರ್ಜೆಯ ವಿನೋದನಾಟಕದ ನಟನಿಗೆ ಅದೂ ಇಲ್ಲ. ಅವನ ಹೆಸರೇ ಪ್ಲಾನಿಪೆಸ್, ಬರಿಗಾಲಿನವನು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತ, 1904ರಲ್ಲಿ ಹುಲ್ಟ್ಜ್ ಅವರು ಕನ್ನಡದ ಮಾತುಗಳಿವೆಯೆಂದು ಸೂಚಿಸಿದ, ಅನಂತರ ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಚರ್ಚಿಸಿದ ಗ್ರೀಕ್ ಪ್ರಹಸನ ಈ ಮೈಮ್ ಜಾತಿಯದು. ಆ ಮಾತುಗಳು ಕನ್ನಡವೇ ಹೌದೋ ಅಲ್ಲವೋ ಎಂಬ ವಿವಾದಕ್ಕೆ ಇಲ್ಲಿ ಎಡೆಯಿಲ್ಲ.

ಇಷ್ಟು ಹೇಳಿದ ಮೇಲೆ ತಿದ್ದುಪಡಿ ಮಾಡಿದವರನ್ನೂ ಸ್ವಲ್ಪ ತಡೆಯಬೇಕಾಗಿದೆ. ಅಟ್ಟೆ ತೆಳುವೆಂದು ಗೊತ್ತಾದೊಡನೆ ಕೆಲವರು ಗ್ರೀಕ್ ನಟನನ್ನು ನಮ್ಮ ಬೀದಿಯ ಮನುಷ್ಯನಂತೆ ನಡೆಸತೊಡಗಿದರು. ಅದೂ ಸಲ್ಲದು. ಪ್ರೊನೊಮೊಸ್ ಕಲಶದ ಕಸೂತಿಯೇ ಹೇಳುವಂತೆ ಅದು ವೈಭವದ ರಂಗ, ದೇವತೋತ್ಸವದ ರಂಗ. ಪಾದರಕ್ಷೆಗೆ ಅಲ್ಲಿ ಅರ್ಥವಿತ್ತು. ಆ ಅರ್ಥ ಎತ್ತರದ್ದಾಗಿರಲಿಲ್ಲ ಅಷ್ಟೆ. ‘ಪಾರಸಿಕರು’ (ಕ್ರಿ.ಪೂ. 472) ಇದಕ್ಕೆ ಒಳ್ಳೆಯ ನಿದರ್ಶನ. ಸಲಾಮಿಸಿನ ಸೋಲಿನ ವಾರ್ತೆ ಬಂದ ಮೇಲೆ ಹಿರಿಯರ ಮೇಳ ದಿವಂಗತ ದೊರೆ ದಾರಯವಷನ ಪ್ರೇತವನ್ನು ಕರೆಯುತ್ತದೆ. ಕರೆಯುವಾಗ ಅವನ ಕಿರೀಟವನ್ನು ಮಾತ್ರವಲ್ಲ, ಕೇಸರಿಯಲ್ಲಿ ಅದ್ದಿದ ಪಾದರಕ್ಷೆಯನ್ನೂ ಹೆಸರಿಸುತ್ತದೆ. ಆ ಪಾದವನ್ನೆತ್ತಿ ಸಮಾಧಿಯ ಶಿಖರಕ್ಕೆ ಬಾ ಎನ್ನುತ್ತದೆ. ಅದಕ್ಕೆ ಈಸ್ಕಿಲಸ್ ಬಳಸಿದ ಶಬ್ದ ಯೂಮರಿಸ್, ಏಷ್ಯದವರ ಮೃದುವಾದ ಜೋಡು. ರಂಗದ ಉಡುಪೂ ರಾಜಪರಂಪರೆಯ ಉಡುಪೂ ಇಲ್ಲಿ ಒಂದಾಗುತ್ತವೆ. ನೋಡುವವನಿಗೆ ಅರಸುತನವನ್ನು ತಿಳಿಸುವುದು ಬಣ್ಣ.

ಬಣ್ಣದ ಈ ಮಹತ್ತ್ವ ರಾಜಕೀಯದಲ್ಲಿ ಬಹುಕಾಲ ಬಾಳಿತು. ಜೂಲಿಯಸ್ ಸೀಸರ್ ತಾನು ಆಲ್ಬದ ಅರಸರ ವಂಶದವನೆಂದು ತೋರಿಸಲು ಅವರಂತೆ ಎತ್ತರವಾದ ಕೆಂಪು ಬೂಟನ್ನು ತೊಡುತ್ತಿದ್ದನು. ಬೈಜಾಂಟಿಯಮ್ಮಿನಲ್ಲಿ ಕೆಂಪು ಬೂಟು ಚಕ್ರವರ್ತಿಗೆ ಮೀಸಲು. 963ರಲ್ಲಿ ಸೈನ್ಯ ನಿಕೆಫೊರಸ್ ಫೋಕಾಸನನ್ನು ಚಕ್ರವರ್ತಿಯೆಂದು ಘೋಷಿಸಿದಾಗ ಅವನು ಕೆಂಪು ಬೂಟು ಮೆಟ್ಟಿಕೊಂಡನು, ಸಿಂಹಾಸನದ ಮಾತು ಅಲ್ಲಿಗೆ ತೀರಿತು. ನಮ್ಮಲ್ಲಿ ಪಾದರಕ್ಷೆ ರಾಜ್ಯಚಿಹ್ನೆಯಾದದ್ದು ಬೇರೆ ಬಗೆಯಲ್ಲಿ: ರಾಮನ ಪಾದುಕೆ ಸಿಂಹಾಸನವನ್ನೇರಿತು, ಯಾರ ಕಾಲನ್ನೂ ಏರಲಿಲ್ಲ. ಬೂಟು ಭಾರತಕ್ಕೆ ಬರಲಿಲ್ಲವೆಂದಲ್ಲ. ಮಥುರೆಯ ತಲೆಯಿಲ್ಲದ ಕನಿಷ್ಕಪ್ರತಿಮೆಯ ಭಾರಿ ಬೂಟುಗಳನ್ನು ನೋಡಿದವರು ಮರೆಯಲಾರರು. ಸೂರ್ಯನಿಗೆ ಉತ್ತರದೇಶದವರ ವೇಷವನ್ನು ವಿಧಿಸಿ, ಪಾದದಿಂದ ಎದೆಯವರೆಗೆ ಮುಚ್ಚಿರಬೇಕೆಂದು ವರಾಹಮಿಹಿರನ ಬೃಹತ್ಸಂಹಿತೆ ಹೇಳುತ್ತದೆ. ಉತ್ತರದ ಸೂರ್ಯಪ್ರತಿಮೆಗಳಿಗೆ ಬೂಟುಂಟು. ದಕ್ಷಿಣಕ್ಕೆ ಬರುವಷ್ಟರಲ್ಲಿ ದೇವರು ಅದನ್ನು ಕಳಚಿಟ್ಟ. ನಮ್ಮ ಕಡೆಯ ಸೂರ್ಯ ಬರಿಗಾಲಿನಲ್ಲಿ ನಿಲ್ಲುತ್ತಾನೆ. ಯಕ್ಷಗಾನದ ಬಣ್ಣದ ವೇಷ ಕೂಡ ಎತ್ತರವನ್ನು ಕಿರೀಟದಿಂದ ಪಡೆಯುತ್ತದೆ. ಕಾಲನ್ನು ಕುಣಿತಕ್ಕೆ ಬಿಟ್ಟಿರುತ್ತದೆ.

ಇದು ಬರಿಯ ಪಾಂಡಿತ್ಯದ ಜಗಳವಲ್ಲವೆಂಬುದಕ್ಕೆ ಒಂದು ಸಂಗತಿಯನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಹೊರನಾಡಿನ ನಮ್ಮ ನಗರದ ಹವ್ಯಾಸಿ ಕನ್ನಡ ತಂಡವೊಂದು ಈಡಿಪಸ್ ನಾಟಕವನ್ನು ಆಡಲು ಸಿದ್ಧತೆ ನಡೆಸಿತ್ತು. ನಿರ್ದೇಶಕರು ಓದಿಕೊಂಡವರು, ಶ್ರದ್ಧಾವಂತರು. ಶಾಸ್ತ್ರೋಕ್ತವಾಗಿರಲೆಂದು ದೊರೆಯ ಪಾತ್ರಧಾರಿಯ ಜೋಡಿನಡಿಗೆ ಮರದ ತುಂಡುಗಳನ್ನು ಹೊಡೆಸಿದರು. ಕಣ್ಣು ಕಿತ್ತುಕೊಂಡ ದೊರೆ ತಡವರಿಸುತ್ತ ಹೆಣ್ಣುಮಕ್ಕಳ ಕಡೆ ಬರುವ ಕಡೆಯ ದೃಶ್ಯದಲ್ಲಿ ಆ ನಟ ಎರಡು ಸಲ ಮುಗ್ಗರಿಸಿದ. ಮೂರನೆಯ ದಿನ ದೃಶ್ಯವನ್ನೇ ಬದಲಾಯಿಸಿದರು: ದೊರೆ ಕಂಬದಂತೆ ನಿಂತ, ಮಕ್ಕಳನ್ನು ಅವನ ಬಳಿಗೆ ತಳ್ಳಲಾಯಿತು. ಬೂಟಿಗೆ ತಕ್ಕಂತೆ ಸೊಫೊಕ್ಲೀಸನನ್ನು ಕತ್ತರಿಸಿದ್ದಾಯಿತು. ಪ್ರದರ್ಶನದ ದಿನ ಅದನ್ನು ಗ್ರೀಕ್ ಸಂಪ್ರದಾಯದ ಗಾಂಭೀರ್ಯವೆಂದು ಹಲವರು ಮೆಚ್ಚಿಕೊಂಡರು.

ಅನುವಾದಕರಿಗೂ ಈ ವಿಚಾರದಿಂದ ಒಂದು ಉಪಯೋಗವುಂಟು. ಕೊಥೊರ್ನೊಸ್ ಬಂದ ಕಡೆಯಲ್ಲೆಲ್ಲ ‘ರುದ್ರನಾಟಕದ ಎತ್ತರದ ಬೂಟು’ ಎಂದು ಬರೆದರೆ ರೋಮನ್ ಕವಿಗಳ ಮಟ್ಟಿಗೆ ಸರಿಹೋದೀತು. ಅಥೆನ್ಸಿನವರ ಮಟ್ಟಿಗೆ ಕೆಡುತ್ತದೆ. ‘ಕಪ್ಪೆಗಳು’ ನಾಟಕದ ಆ ಮೊದಲ ದೃಶ್ಯವನ್ನೇ ತೆಗೆದುಕೊಳ್ಳಿ. ಹೆರಾಕ್ಲೀಸ್ ಬಾಗಿಲು ತೆರೆಯುತ್ತಾನೆ, ಎದುರಿಗೆ ನಿಂತ ದೇವರನ್ನು ತಲೆಯಿಂದ ಕಾಲವರೆಗೆ ನೋಡುತ್ತಾನೆ, ನಗು ತಡೆಯಲಾರದೆ ತುಟಿ ಕಚ್ಚಿಕೊಳ್ಳುತ್ತಾನೆ. ಗದೆಗೂ ಈ ಬೂಟಿಗೂ ಎಲ್ಲಿಯ ನಂಟು ಎಂಬುದು ಅವನ ಪ್ರಶ್ನೆ. ಕನ್ನಡದ ಓದುಗನೂ ಅಲ್ಲಿ ನಗಬೇಕಾದರೆ ಡಯೊನೈಸಸನ ಕಾಲಲ್ಲಿ ಹೆಂಗಸರ ಮೆತ್ತನೆಯ, ದೊಗಲೆ ಜೋಡೇ ಇರಬೇಕು.